ಹಳೆಯ ಸ್ಪ್ರಿಂಗ್ ಹ್ಯಾಮರ್: ಮೋಟಾರ್ ಬದಲಿಸುವ ಮುನ್ನ

ಸಕಲೇಶಪುರದಲ್ಲಿ ಕೊಂಡ ಹಳೆಯ ಸ್ಪ್ರಿಂಗ್ ಹ್ಯಾಮರ್ (ಕಾದ ಕಬ್ಬಿಣ ಬಡಿಯುವ ಸುತ್ತಿಗೆ ಯಂತ್ರ) ದಪ್ಪ ಪಟ್ಟಿಯ ಮೇಲೆ ಮೆತ್ತಗೆ ಬಡಿಯುತ್ತದೆ, ದೊಡ್ಡ ಮೋಟಾರ್ ಹಾಕಲೇ ಎಂದು ಕೇಳಿದ್ದೀರಿ. ಬೇಡ ಸ್ವಾಮಿ, ದುಡ್ಡು ದಂಡ. ಕರೆಂಟ್ ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಸುತ್ತಿಗೆಯನ್ನು ಪೂರ್ತಿ ಕೆಳಗಿಳಿಸಿ ನೋಡಿ. ಸುತ್ತಿಗೆಯ ತುದಿಯ ಅಚ್ಚು ಕೆಳಗಿನ ಅಚ್ಚನ್ನು ಮುಟ್ಟಲೇಬಾರದು. ಬಡಿಯುವ ಪಟ್ಟಿಯ ದಪ್ಪಕ್ಕಿಂತ ತುಸು ಹೆಚ್ಚೇ ಅಂತರವಿರಲಿ. ಓಡುವಾಗ ಸ್ಪ್ರಿಂಗ್ ಬಾಗಿ ಚಿಮ್ಮಿ ಆ ಅಂತರವನ್ನು ದಾಟುತ್ತದೆ, ಪೆಟ್ಟಿನ ಕಸುವೆಲ್ಲ ಅಲ್ಲಿಯೇ ಇದೆ.

ಸುತ್ತಿಗೆ ಅಡ್ಡಡ್ಡ ಅಲುಗಾಡಿದರೆ ಅದನ್ನು ನೇರ ಹಿಡಿಯುವ ಗೈಡ್ ಬಿಗಿಗೊಳಿಸಿ, ಎಣ್ಣೆ ಬಿಡಿ. ಬೆಲ್ಟ್ ಚರ್ಮದ್ದಾದರೆ ಮಲೆನಾಡಿನ ಮಳೆಗೆ ಹಿಗ್ಗಿ ಜಾರುವುದು ಮಾಮೂಲು.

ಲಾರಿ ಸ್ಪ್ರಿಂಗ್ ಪಟ್ಟಿಯ ಕತ್ತಿಯನ್ನು ಕಿತ್ತಳೆ ಬಣ್ಣ ಇರುವಾಗಲೇ ಬಡಿಯಿರಿ; ಮಂಕು ಕೆಂಪಿಗಿಳಿದ ಮೇಲೆ ಬಡಿದರೆ ಬಿರುಕು ಬಿಡಬಹುದು. ಹ್ಯಾಮರ್‌ನ ಸ್ಪ್ರಿಂಗಿಗೆ ಮಾತ್ರ ಗಟ್ಟಿ ಜಾಲರಿ ಕಟ್ಟದೆ ಚಾಲೂ ಮಾಡಬೇಡಿ. ಮುರಿದರೆ ತುಂಡು ಮುಖಕ್ಕೇ ಹಾರಬಹುದು.