ಗ್ಯಾರೇಜು ಬೆಚ್ಚಗಿರಲು ಯಾವ ಹೀಟರ್?

ಪ್ರಶ್ನೆ: ಮನೆಯ ಗ್ಯಾರೇಜಿನಲ್ಲೇ ಮರಗೆಲಸ ಮಾಡುತ್ತೇನೆ. ಚಳಿಗೆ ಬೆರಳು ಮರಗಟ್ಟುತ್ತವೆ. ಕಡಿಮೆ ಖರ್ಚಿನಲ್ಲಿ ಯಾವ ಹೀಟರ್ ಒಳ್ಳೆಯದು, ಸರ್?

ಉತ್ತರ: ಹೀಟರ್ ಆಮೇಲೆ. ಮೊದಲು ಶಟರ್ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ನಾನು ಮೊದಲ ಚಳಿಗಾಲದಲ್ಲಿ ಅದನ್ನು ಮಾಡದೆ ಫ್ಯಾನ್ ಹೀಟರ್ ಇಟ್ಟಿದ್ದೆ. ಬಿಸಿಗಾಳಿಯೆಲ್ಲ ಚಾವಣಿಗೆ ಏರುತ್ತಿತ್ತು, ಕಾಲು ತಣ್ಣಗೇ ಇರುತ್ತಿತ್ತು.

ದಿನಕ್ಕೆ ಒಂದೆರಡು ಗಂಟೆ ಕೆಲಸವಾದರೆ ಇನ್‌ಫ್ರಾರೆಡ್ ಹೀಟರ್ ಸಾಕು. ಅದು ಗಾಳಿಗಿಂತ ಜಾಸ್ತಿ ಎದುರಿಗಿರುವ ನಿಮ್ಮನ್ನೇ ಬಿಸಿ ಮಾಡುತ್ತದೆ. ಗೋಡೆಯಲ್ಲಿ ಎತ್ತರಕ್ಕೆ, ನೀವು ನಿಲ್ಲುವ ಜಾಗಕ್ಕೆ ಮುಖ ಮಾಡಿ ಹಾಕಿ. ಮರದ ಹೊಟ್ಟು, ಪಾಲಿಶ್, ಥಿನ್ನರ್ ಹತ್ತಿರ ಬೇಡವೇ ಬೇಡ. 1500 ವ್ಯಾಟ್‌ನದು ಎರಡು ಗಂಟೆ ಉರಿದರೆ 3 ಯೂನಿಟ್ ಕರೆಂಟು, ಅಷ್ಟೇ. ದಿನವಿಡೀ ಕೆಲಸವಿದ್ದರೆ ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಏಸಿ ನೋಡಿ. ಕೊಳ್ಳುವಾಗ ದುಬಾರಿ, ಆದರೆ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಪಟ್ಟು ಶಾಖ ಸಿಗುತ್ತದೆ.

ಇದ್ದಿಲ ಅಗ್ಗಿಷ್ಟಿಕೆ, ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಎಷ್ಟೇ ಅಗ್ಗವಾದರೂ ಮುಚ್ಚಿದ ಗ್ಯಾರೇಜಿಗೆ ದಯವಿಟ್ಟು ತರಬೇಡಿ. ಅವು ಉರಿಯುವಾಗ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅಲ್ವಾ? ತುಂಬಿಕೊಂಡದ್ದು ಗೊತ್ತೇ ಆಗುವುದಿಲ್ಲ. ಗ್ಯಾಸ್ ಉರಿದಾಗ ನೀರಾವಿಯೂ ಹೊರಡುತ್ತದೆ, ನಿಮ್ಮ ಉಳಿ ಗರಗಸಗಳಿಗೆ ತುಕ್ಕು ಹಿಡಿಯುತ್ತದೆ.