ಪ್ರತಿಕ್ರಿಯೆ: ‘ಡನ್ಸ್’ ಅಂದ್ರೆ ಏನು?

ಕಲಬುರಗಿಯ ಶಾಲೆಯಲ್ಲಿ ಮಾಸ್ತರರು ನಿಮ್ಮ ಮಗನಿಗೆ ‘ಡನ್ಸ್’ ಅಂದರು, ಇದಕ್ಕೂ ಡ್ಯಾನ್ಸ್‌ಗೂ ಏನಾದರೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇಲ್ಲ ಸರ್, ಏನೂ ಇಲ್ಲ. ಇಂಗ್ಲಿಷಿನಲ್ಲಿ ಡನ್ಸ್ (dunce) ಅಂದರೆ ದಡ್ಡ, ಕಲಿಯಲಾರದವನು.

ಆದರೆ ಈ ಪದ ಹುಟ್ಟಿದ್ದು ಒಬ್ಬ ಮಹಾ ಬುದ್ಧಿವಂತನ ಹೆಸರಿನಿಂದ! ಜಾನ್ ಡನ್ಸ್ ಸ್ಕಾಟಸ್ ಅಂತ ಸ್ಕಾಟ್ಲೆಂಡಿನ ಕ್ರೈಸ್ತ ಸನ್ಯಾಸಿ. ‘ಡನ್ಸ್’ ಅವನ ಊರು. ಆಕ್ಸ್‌ಫರ್ಡ್, ಪ್ಯಾರಿಸ್‌ಗಳಲ್ಲಿ ಪಾಠ ಹೇಳಿದ. 1308ರಲ್ಲಿ ತೀರಿಕೊಂಡ. ಅವನ ತರ್ಕ ಎಷ್ಟು ನವಿರು ಅಂದರೆ ‘ಸೂಕ್ಷ್ಮ ಪಂಡಿತ’ ಅಂತಲೇ ಬಿರುದು ಕೊಟ್ಟಿದ್ದರು. 16ನೇ ಶತಮಾನದಲ್ಲಿ ಹೊಸ ವಿದ್ಯೆಯ (ಹಳೆಯ ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನು ಹೊಸದಾಗಿ ಓದುವ ಪದ್ಧತಿಯ) ಪರ ಇದ್ದವರಿಗೆ ಅವನ ಹಿಂಬಾಲಕರನ್ನು ಕಂಡರೆ ಆಗುತ್ತಿರಲಿಲ್ಲ. ಸುಮ್ನೆ ಕೂದಲು ಸೀಳುವವರು, ಹೊಸದನ್ನು ಕಲಿಯದವರು ಅಂತ ‘ಡನ್ಸ್’ ಎಂದು ಹಂಗಿಸಿದರು. ಬರಬರುತ್ತಾ ಅದು ಎಲ್ಲ ದಡ್ಡರಿಗೂ ಅಂಟಿತು. ಪಾಪ, ಗುರುವಿನ ತಪ್ಪೇನಿತ್ತು?

ಅಂದಹಾಗೆ, 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವನಿಗೆ ‘ಪುನೀತ’ ಪದವಿ (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನದು) ಕೊಟ್ಟರು. ಬೈಗುಳ ಮಾತ್ರ ಹಾಗೇ ಉಳಿದಿದೆ.

ನಮ್ಮ ಕಡೆ ಜಾಸ್ತಿ ಕೇಳಿಬರುವ ‘ಬೇವಕೂಫ್’ ಇದಕ್ಕಿಂತ ನೇರ. ‘ಬೇ’ ಅಂದರೆ ಇಲ್ಲದ, ‘ವಕೂಫ್’ ಅಂದರೆ ತಿಳಿವಳಿಕೆ. ಅದರಲ್ಲಿ ಯಾವ ಪಂಡಿತರ ಹೆಸರೂ ಕೆಟ್ಟಿಲ್ಲ.