ಸಮ್ಮೇಳನಕ್ಕೆ ಹೋಗಿ, ಆದರೆ ಕೋವಿಯ ಕೀಲಿ ಯಾರ ಕೈಲಿ?

ಅಮೆರಿಕದಲ್ಲಿ ಎಲ್ಲಾದರೂ ದೊಡ್ಡ ಗುಂಡಿನ ದಾಳಿ ಆದ ವಾರ, ನನ್ನ ಹತ್ತಿರ ಬರುವ ಕನ್ನಡದ ಮನೆಗಳಲ್ಲಿ ಒಂದು ಜಗಳ ಖಾಯಂ. ಗಂಡನಿಗೆ ಬಂದೂಕು ಬೇಕು, ಹೆಂಡತಿಗೆ ಬೇಡ. ಒಮ್ಮೊಮ್ಮೆ ತಿರುಗುಮುರುಗು. ಮಗಳ ಗೆಳತಿಯ ಮನೆಯಲ್ಲಿ ಬಂದೂಕಿದೆಯೇ ಎಂದು ಅವರಪ್ಪ ಅಮ್ಮನನ್ನು ಕೇಳುವುದು ಹೇಗೆ ಎಂದು ಒದ್ದಾಡುವವರೂ ಇದ್ದಾರೆ. ನಾನು ಇಲ್ಲೇ ಲೈಸೆನ್ಸ್ ಪಡೆದು ಆಪ್ತಸಲಹೆ ಮಾಡುವವಳು. ಕನ್ನಡದಲ್ಲಿ ಮಾತಾಡಬಹುದು ಅಂತ ಹುಡುಕಿಕೊಂಡು ಬರುವವರೇ ಹೆಚ್ಚು.

ಈಗ ಹೇಳುತ್ತಿರುವ ದಂಪತಿಯ ಜಗಳ ಇವೆಲ್ಲಕ್ಕಿಂತ ಸ್ವಲ್ಪ ವಿಚಿತ್ರ. ಬಂದೂಕು ಹಕ್ಕಿನ ಒಂದು ವಾರ್ಷಿಕ ಸಮ್ಮೇಳನಕ್ಕೆ ಗಂಡ ಹೋಗಬೇಕೋ ಬೇಡವೋ ಎನ್ನುವುದೇ ತಗಾದೆ. ಅದನ್ನು ತೀರ್ಮಾನ ಮಾಡಿಕೊಡಿ ಅಂತಲೇ ಇಬ್ಬರೂ ಬಂದು ಕೂತರು. ಗುರುತು ಸಿಗದಂತೆ ಊರು, ಉದ್ಯೋಗ, ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಟೆಕ್ಸಾಸ್ ಮತ್ತು ಕೊಡಗನ್ನು ಮಾತ್ರ ಇಬ್ಬರ ಒಪ್ಪಿಗೆಯಿಂದ ಹಾಗೇ ಬಿಟ್ಟಿದ್ದೇನೆ.

ಗಂಡ ಕೊಡಗಿನವರು, ಐವತ್ತರ ಆಸುಪಾಸು, ಅಮೆರಿಕದ ಪೌರತ್ವ ಸಿಕ್ಕಿ ಬಹಳ ಕಾಲವಾಗಿದೆ. ಹೆಂಡತಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು. ಒಬ್ಬನೇ ಮಗ, ಹದಿನೇಳು ತುಂಬಿದೆ. ಮನೆಯಲ್ಲಿ ಒಂದು ರೈಫಲ್ಲು, ಒಂದು ಪಿಸ್ತೂಲು. ಪಿಸ್ತೂಲು ಬಂದದ್ದು 2017ರಲ್ಲಿ, ಕಾನ್ಸಾಸಿನ ಓಲೇತ್‌ನ ಬಾರೊಂದರಲ್ಲಿ ಹೈದರಾಬಾದ್ ಮೂಲದ ಇಂಜಿನಿಯರನ್ನು 'ನನ್ನ ದೇಶ ಬಿಟ್ಟು ಹೋಗು' ಎಂದು ಕೂಗಿ ಕೊಂದ ಮೇಲೆ. ಆ ವಾರ ಭಾರತೀಯರ ಮನೆಗಳಲ್ಲಿ ಎಂಥ ಹೆದರಿಕೆ ಇತ್ತೆಂದು ನನಗೂ ಗೊತ್ತು, ಹಾಗಾಗಿ ಆ ಖರೀದಿಯನ್ನು ನಾನು ಆಡಿಕೊಳ್ಳಲಾರೆ.

ಸಮ್ಮೇಳನದ ಬಗ್ಗೆ ಎರಡು ಮಾತು. ಬಂದೂಕಿನ ಹಕ್ಕು ಹೇಳುವ ಅಮೆರಿಕ ಸಂವಿಧಾನದ ಎರಡನೆಯ ತಿದ್ದುಪಡಿಯ ಹೆಸರನ್ನೇ ಇಟ್ಟುಕೊಂಡ ಸೆಕೆಂಡ್ ಅಮೆಂಡ್‌ಮೆಂಟ್ ಫೌಂಡೇಶನ್ ಎಂಬ, 1974ರಲ್ಲಿ ಹುಟ್ಟಿದ ಸಂಸ್ಥೆ 1986ರಿಂದ 'ಗನ್ ರೈಟ್ಸ್ ಪಾಲಿಸಿ ಕಾನ್ಫರೆನ್ಸ್' ನಡೆಸಿಕೊಂಡು ಬಂದಿದೆ. ಒಂದೊಂದು ವರ್ಷ ಒಂದೊಂದು ಊರು. ಪ್ರವೇಶಕ್ಕೆ ದುಡ್ಡಿಲ್ಲ. ಬಂದೂಕುದಾರರ ದೊಡ್ಡ ಸಂಘ ಎನ್‌ಆರ್‌ಎಯ ಅಧಿವೇಶನದ ಹಾಗೆ ಎಕರೆಗಟ್ಟಲೆ ಬಂದೂಕು ಪ್ರದರ್ಶನದ ಗದ್ದಲ ಇಲ್ಲಿಲ್ಲ. ವಕೀಲರು, ಕಾರ್ಯಕರ್ತರು ಕೋರ್ಟು ಕೇಸುಗಳ ಬಗ್ಗೆ ಭಾಷಣ ಮಾಡುತ್ತಾರೆ. ಸ್ವಂತ ರಕ್ಷಣೆಗೆ ಮನೆಯಲ್ಲಿ ಬಂದೂಕಿಡುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. ಅದು ರಾಜ್ಯಗಳಿಗೂ ಅನ್ವಯ ಎಂದು 2010ರಲ್ಲಿ ಮೆಕ್‌ಡೊನಾಲ್ಡ್ ಪ್ರಕರಣದಲ್ಲಿ ಹೇಳಿತು. ಆ ಎರಡನೆಯ ಮೊಕದ್ದಮೆಯಲ್ಲಿ ಈ ಸಂಸ್ಥೆ ತಾನೇ ಒಬ್ಬ ವಾದಿ. ನಮ್ಮ ಯಜಮಾನರು ಇವೆಲ್ಲವನ್ನೂ ನನಗೆ ಬಾಯಿಪಾಠ ಒಪ್ಪಿಸಿದರು.

ಕೊಡಗನ್ನೂ ತಂದರು. "ಮೇಡಂ, ನಮ್ಮಲ್ಲಿ ತೋಕ್, ಅಂದರೆ ಕೋವಿ, ಪೂಜೆ ಮಾಡೋ ವಸ್ತು. ಕೈಲ್ ಮುಹೂರ್ತದ ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿಟ್ಟು, ತೋಕ್ ಪೂ ಅನ್ನೋ ಹೂವು ಸಿಕ್ಕಿಸ್ತೀವಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬ್ರಿಟಿಷರ ಕಾಲದಿಂದ ನಮಗೆ ಲೈಸೆನ್ಸೇ ಬೇಡ." ಮಾತು ನಿಜ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿದಿದೆ. "ಇಲ್ಲಿ ಶೂಟಿಂಗ್ ರೇಂಜಿಗೆ ಹೋದರೆ ನಾನೊಬ್ಬನೇ ಕಂದು ಬಣ್ಣದವನು. ಆದರೂ ನಮ್ಮೂರಿನ ಕಥೆ ಹೇಳಿದರೆ ಕೂತು ಕೇಳ್ತಾರೆ. ಆಫೀಸಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಕೇಳಿಲ್ಲ" ಅಂದರು. ಸಮ್ಮೇಳನ ಅವರಿಗೆ ಯಾಕೆ ಬೇಕಿತ್ತು ಅನ್ನುವುದು ನನಗೆ ಅರ್ಥವಾದದ್ದು ಈ ಮಾತಿನಿಂದ, ಹೆಲ್ಲರ್ ಪ್ರಕರಣದಿಂದ ಅಲ್ಲ.

ಹೆಂಡತಿಯ ವಾದ ಚಿಕ್ಕದು. ಯುವಾಲ್ಡಿ. 2022ರ ಮೇ 24ರಂದು ಅವರಿರುವ ಟೆಕ್ಸಾಸಿನದೇ ಆ ಊರಿನ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. "ಆ ಮಕ್ಕಳ ಫೋಟೋ ನೋಡಿದ ಕಣ್ಣಲ್ಲಿ ಇವರು ಆ ಜನರ ನಡುವೆ ಕೂತು ಚಪ್ಪಾಳೆ ತಟ್ಟೋದನ್ನ ನೋಡಬೇಕಾ?" ಅಷ್ಟೇ.

ಎರಡು ಭೇಟಿ ಇದರಲ್ಲೇ ಕಳೆಯಿತು. ಇಬ್ಬರೂ ಓದಿಕೊಂಡವರು, ಇಬ್ಬರ ಹತ್ತಿರವೂ ಅಂಕಿ ಅಂಶ ಇತ್ತು, ಟಿವಿ ಚರ್ಚೆಯನ್ನೇ ತಂದು ನನ್ನ ಮುಂದೆ ನಡೆಸಿದರು. ನಡುವೆ ಆಕೆ ಬಾಯ್ತಪ್ಪಿದಂತೆ ಹೇಳಿದ್ದೊಂದನ್ನು ನಾನು ಬರೆದಿಟ್ಟುಕೊಂಡಿದ್ದೆ: ಮಗ ಟೆನ್ನಿಸ್ ತಂಡ ಬಿಟ್ಟಿದ್ದಾನೆ, ಊಟಕ್ಕೆ ಕೆಳಗೆ ಬರುವುದಿಲ್ಲ, ಬೆಳಗಿನ ಜಾವದವರೆಗೂ ಕೋಣೆಯ ದೀಪ ಆರುವುದಿಲ್ಲ. "ಕಾಲೇಜು ಅಪ್ಲಿಕೇಶನ್ ಟೆನ್ಶನ್" ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಮೂರನೆಯ ಭೇಟಿಯಲ್ಲಿ ನಾನು ಸಮ್ಮೇಳನದ ಮಾತೆತ್ತಲಿಲ್ಲ. "ನೀವು ಹೋದಿರಿ ಅಂತಲೇ ಇಟ್ಟುಕೊಳ್ಳೋಣ. ಆ ಮೂರು ದಿನ ಕೋವಿ ಎಲ್ಲಿರುತ್ತೆ?"

"ಸೇಫಲ್ಲಿ. ಯಾವಾಗಲೂ ಸೇಫಲ್ಲೇ ಇರುತ್ತೆ."

"ಕೋಡ್ ಯಾರಿಗೆ ಗೊತ್ತು?"

"ನನಗೊಬ್ಬನಿಗೇ."

ಹೆಂಡತಿ ಅವರ ಕಡೆ ತಿರುಗಿದರು. "ಅವನಿಗೂ ಗೊತ್ತು ಕಣ್ರೀ. ಅತ್ತೆಯ ಹುಟ್ಟಿದ ತಾರೀಕು. ನಿಮ್ಮ ಫೋನಿಗೂ ಅದೇ, ಗ್ಯಾರೇಜಿಗೂ ಅದೇ, ನೆಟ್‌ಫ್ಲಿಕ್ಸಿಗೂ ಅದೇ. ಹತ್ತು ವರ್ಷದವನಿದ್ದಾಗಿಂದ ಅವನಿಗೆ ಗೊತ್ತು."

ಗಂಡ ರೇಗಿದರು. ನನ್ನ ಮೇಲೆ. "ನನ್ನ ಮಗ ಅಂಥವನಲ್ಲ ಮೇಡಂ. ಸ್ಕೂಲಿಗೆ ನುಗ್ಗಿ ಯಾರಿಗೋ ಹೊಡೆಯೋನಲ್ಲ."

"ಅವನು ಇನ್ನೊಬ್ಬರಿಗೆ ಹೊಡೀತಾನೆ ಅಂತ ನಾನು ಕೇಳಲೇ ಇಲ್ಲ" ಅಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನೇ ಲೆಕ್ಕ ಹೇಳಿದೆ. 2022ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48 ಸಾವಿರಕ್ಕೂ ಹೆಚ್ಚು, ಅದರಲ್ಲಿ ಸುಮಾರು 27 ಸಾವಿರ ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ. ಟಿವಿಯಲ್ಲಿ ಬರುವ ಸಾಮೂಹಿಕ ಹತ್ಯೆಗಳು ಇದರ ಮುಂದೆ ಸಣ್ಣ ಪಾಲು. ಬಂದೂಕಿನಿಂದ ಪ್ರಯತ್ನಿಸಿದವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುವುದಿಲ್ಲ. ಅದೇ, ಹೇಗೋ ಒಮ್ಮೆ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಕೆಟ್ಟ ಗಳಿಗೆ ಅನೇಕರಿಗೆ ಬಂದು ಹೋಗುವಂಥದು. ಆ ಹೊತ್ತಿಗೆ ಕೈಗೆ ಏನು ಸಿಗುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

"ಗೊತ್ತಾಯ್ತು. ನೀವೂ ಅವರ ಪಾರ್ಟಿಯೇ" ಅಂದರು ಗಂಡ. "ಕೊನೆಗೆ ಬಂದೂಕು ಕಿತ್ತುಕೊಳ್ಳೋದಕ್ಕೇ ಬರ್ತೀರಿ ಎಲ್ಲರೂ. ಟೆಕ್ಸಾಸಲ್ಲಿ ಕಾನೂನು ಪ್ರಕಾರ ನಾನು ಸರಿಯಾಗಿದ್ದೀನಿ."

ಕಾನೂನಿನ ಮಟ್ಟಿಗೆ ಅವರ ಮಾತು ಸರಿ. ಮಕ್ಕಳ ಕೈಗೆ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲಿ ಅಪರಾಧ, ಆದರೆ ಆ ಕಲಮು ಹದಿನೇಳು ತುಂಬದ ಮಕ್ಕಳ ವಿಷಯಕ್ಕೆ ಮಾತ್ರ. ಇವರ ಮಗನಿಗೆ ತುಂಬಿತ್ತು.

ನಾನು ಉತ್ತರ ಕೊಡುವ ಮೊದಲು ಹೆಂಡತಿ ಬಾಯಿಬಿಟ್ಟರು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

"ನಮ್ಮಪ್ಪನ ಹತ್ತಿರಾನೂ ಕೋವಿ ಇತ್ತಲ್ಲ. ಪ್ರತಿ ಎಲೆಕ್ಷನ್ನಿಗೂ ಠಾಣೆಗೆ ಜಮಾ ಮಾಡಿ ರಸೀದಿ ತರ್ತಿದ್ದರು. ಗೊಣಗ್ತಿದ್ದರು, ಪೊಲೀಸರಿಗೆ ಬೈತಿದ್ದರು. ಹಂದಿ ಬಂದು ತೋಟದಲ್ಲಿ ಉತ್ತು ಹೋದರೆ 'ಓಟು ಹಾಕೋದು ನಾವು, ತಿನ್ನೋದು ಹಂದಿ' ಅನ್ನೋರು. ಆದರೂ ಕೊಟ್ಟು ಬರ್ತಿದ್ದರು, ರಿಸಲ್ಟು ಬಂದ ಮೇಲೆ ತರ್ತಿದ್ದರು. ಅಷ್ಟು ದಿನ ಕೋವಿ ಮನೇಲಿರಲಿಲ್ಲ ಅಂತ ಅಪ್ಪ ಅಪ್ಪನಾಗಿ ಉಳೀಲಿಲ್ವಾ? ನಾನು ಬಿಸಾಕಿ ಅಂತಿಲ್ಲ ರೀ. ಇವನು ಸರಿಹೋಗೋವರೆಗೆ ಎಲೆಕ್ಷನ್ ಅಂದ್ಕೊಳ್ಳಿ."

ಗಂಡ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಕೇಳಿದ್ದು ಒಂದೇ: "ಯಾರ ಹತ್ರ ಇಡೋದು?"

ಈ ಪ್ರಶ್ನೆಗೆ ನಮ್ಮವರು ಹೇಳುವ ಉತ್ತರದಲ್ಲಿ ಒಂದು ದೊಡ್ಡ ತೊಡಕಿದೆ, ಅದನ್ನು ಬಿಡಿಸಿ ಹೇಳಬೇಕು. ಅವರ ಮನಸ್ಸಿಗೆ ಬಂದದ್ದು ಪಕ್ಕದ ಬೀದಿಯ ಕನ್ನಡದ ಸ್ನೇಹಿತರು. ನಂಬಿಕಸ್ಥರು, ಆದರೆ ಎಚ್-1ಬಿ ವೀಸಾದವರು. ಇಲ್ಲಿಯ ಫೆಡರಲ್ ಕಾನೂನಿನಂತೆ ಆ ಥರದ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಉಪಕಾರ ಮಾಡಲು ಹೋಗಿ ಅವರ ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಸಿಕ್ಕವರಿಗೆ ಈ ಅಡ್ಡಿ ಇಲ್ಲ, ಆದರೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕೆಲವು ಬಂದೂಕು ಅಂಗಡಿಗಳು, ಶೂಟಿಂಗ್ ರೇಂಜುಗಳು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತವೆ. ಮೊದಲು ಫೋನು ಮಾಡಿ ಕೇಳಬೇಕು, ಕೋವಿ ಹೆಗಲಿಗೇರಿಸಿಕೊಂಡು ಹೋಗಿ ನಿಲ್ಲಬಾರದು. ಇವರು ತಮ್ಮ ರೇಂಜಿನವರನ್ನೇ ಕೇಳಿದರು. ಅವರು ಯಾಕೆ ಏನು ಎಂದು ಕೆದಕಲಿಲ್ಲವಂತೆ. ಯಜಮಾನರಿಗೆ ದೊಡ್ಡ ಸಮಾಧಾನ ಅದು.

ಹಾಗಾದರೆ ಸಮ್ಮೇಳನ? "ಹೋಗುವುದು ಬಿಡುವುದು ನಿಮ್ಮಿಷ್ಟ. ಮೊದಲು ಕೋವಿ ಮನೆಯಿಂದ ಹೊರಡಲಿ, ಮಗನ ಜೊತೆ ಮಾತಾಗಲಿ, ಆಮೇಲೆ ನೀವು ಹೊರಡಿ" ಅಂದೆ. ಹೆಂಡತಿಗೆ ಬೇಜಾರಾಯಿತು. ನಾನು ಬೇಡ ಎಂದೇ ಹೇಳುತ್ತೇನೆ ಅಂದುಕೊಂಡಿದ್ದರು. ಹೆಸರು ಹೇಳದೆ ಈ ಪ್ರಕರಣವನ್ನು ಚರ್ಚೆಗಿಟ್ಟಾಗ ನನ್ನ ಸಹೋದ್ಯೋಗಿಗಳಲ್ಲೂ ಇಬ್ಬರು ಮುಖ ಸಿಂಡರಿಸಿದರು. "ಅಂಥ ಜಾಗಕ್ಕೆ ಹೋಗಿ ಅಂತ ಹೇಳೋದು ಒಪ್ಪಿಗೆ ಮುದ್ರೆ ಒತ್ತಿದ ಹಾಗೆ" ಅಂದರು.

ನನಗೆ ಹಾಗನ್ನಿಸುವುದಿಲ್ಲ. ಆ ಸಮ್ಮೇಳನದ ರಾಜಕೀಯ ನನ್ನದಲ್ಲ. ನನ್ನನ್ನು ಕರೆದರೆ ನಾನು ಹೋಗುವುದಿಲ್ಲ. ಆದರೆ ನನ್ನ ಮುಂದೆ ಕೂತವರು ವೋಟು ಕೇಳಲು ಬಂದವರಲ್ಲ. ಬೇಡ ಅಂದಿದ್ದರೆ ಅವರು ಹೋಗುತ್ತಿದ್ದರು, ಹೋಗಿ ಇನ್ನೆಂದೂ ನನ್ನ ಹತ್ತಿರ ಬರುತ್ತಿರಲಿಲ್ಲ, ಎರಡೂ ಬಂದೂಕು ಅತ್ತೆಯ ಹುಟ್ಟಿದ ತಾರೀಕಿನ ಹಿಂದೆ ಹಾಗೇ ಇರುತ್ತಿದ್ದವು. ಬಂದೂಕು ಹಕ್ಕಿನವರೆಲ್ಲ ಈ ಮಾತಿಗೆ ಕಿವುಡರು ಎಂಬ ನಂಬಿಕೆಯೂ ಸುಳ್ಳು. ನ್ಯೂ ಹ್ಯಾಂಪ್‌ಶೈರಿನಲ್ಲಿ 2009ರಲ್ಲಿ ಒಂದೇ ಅಂಗಡಿಯಿಂದ ಬಂದೂಕು ಕೊಂಡ ಮೂವರು ಒಂದು ವಾರದೊಳಗೆ ಪ್ರಾಣ ಕಳೆದುಕೊಂಡಾಗ, ಆ ಅಂಗಡಿಯವರೇ ಸಾರ್ವಜನಿಕ ಆರೋಗ್ಯದವರ ಜೊತೆ ಕೂತು ಆತ್ಮಹತ್ಯೆ ತಡೆಯುವ ಯೋಜನೆ ಶುರು ಮಾಡಿದರು. ವಾಷಿಂಗ್ಟನ್ ರಾಜ್ಯದಲ್ಲಿ 2016ರಲ್ಲಿ ಬಂದೂಕು ಅಂಗಡಿ, ಔಷಧಿ ಅಂಗಡಿಗಳ ಮೂಲಕ ಆತ್ಮಹತ್ಯೆ ತಡೆಗಟ್ಟುವ ಕಾನೂನು ಬಂತು. ಅದರ ಬೆನ್ನಿಗೆ ನಿಂತವರಲ್ಲಿ ಈ ಸಮ್ಮೇಳನ ನಡೆಸುವ ಸಂಸ್ಥೆಯೂ ಇತ್ತು. ಇದನ್ನು ಯಜಮಾನರಿಗೆ ಹೇಳಿದಾಗ ಅವರು ನಂಬದೆ ಅಲ್ಲೇ ಫೋನಿನಲ್ಲಿ ಹುಡುಕಿದರು. ಆಮೇಲೆ ನನ್ನ ಜೊತೆ ಮಾತಾಡುವ ಧಾಟಿಯೇ ಬದಲಾಯಿತು.

ಹೆಂಡತಿಗೂ ನಾನು ಒಂದು ಮಾತು ಹೇಳಬೇಕಾಯಿತು, ಇದನ್ನು ಓದುವ ಎಷ್ಟೋ ಮನೆಗಳಿಗೂ ಅದೇ ಮಾತು. ನಿಮಗೆ ಹೆದರಿಕೆ ಇದ್ದದ್ದು ಮಗನ ಬಗ್ಗೆ, ಆಡಿದ್ದು ಯುವಾಲ್ಡಿ ಬಗ್ಗೆ. ದೇಶದ ಬಗ್ಗೆ ಜಗಳವಾಡಿದರೆ ಗಂಡನೂ ದೇಶದ ಬಗ್ಗೆಯೇ ಉತ್ತರ ಕೊಡುತ್ತಾನೆ. 'ಮೇಲಿನ ಕೋಣೆಯಲ್ಲಿರೋ ಹುಡುಗನ ಬಗ್ಗೆ ಭಯ ಆಗ್ತಿದೆ' ಅಂದಿದ್ದರೆ ಕಾನೂನಿನ ಕಲಮು ಹುಡುಕುವ ಗಂಡಸು ಕಡಿಮೆ.

ಮಗನನ್ನು ನೇರವಾಗಿ ಕೇಳಿ ಎಂದೂ ಹೇಳಿದೆ. 'ಸಾಯಬೇಕು ಅನ್ನಿಸುತ್ತಾ?' ಎಂಬ ಪ್ರಶ್ನೆಯನ್ನು ಬಾಯಿಗೆ ತರಲು ತಂದೆ ತಾಯಿ ಹಿಂಜರಿಯುತ್ತಾರೆ, ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ. ಕೇಳಿಸಿಕೊಂಡ ಮಕ್ಕಳಿಗೆ ಎಷ್ಟೋ ಸಲ ಹಗುರವಾಗುತ್ತದೆ. ಅಪ್ಪನೇ ಕಾರಿನಲ್ಲಿ ಕೇಳಿದರು. ಹುಡುಗ ಕಿಟಕಿ ಕಡೆ ನೋಡುತ್ತಾ "ಸಮ್‌ಟೈಮ್ಸ್" ಅಂದನಂತೆ. ಮುಂದಿನದು ಅವನು ಮತ್ತು ಅವನ ಮನೋವೈದ್ಯರ ನಡುವಿನ ವಿಷಯ, ಇಲ್ಲಿ ಬರೆಯುವುದಿಲ್ಲ. ಚಿಕಿತ್ಸೆ ನಡೆಯುತ್ತಿದೆ, ಊಟಕ್ಕೆ ಕೆಳಗೆ ಬರುತ್ತಾನೆ.

ಕರ್ನಾಟಕದಲ್ಲಿ ಕೂತು ಇದನ್ನು ಅಮೆರಿಕದ ತಾಪತ್ರಯ ಎಂದು ಪಕ್ಕಕ್ಕಿಡಬೇಡಿ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ಕೋವಿಯಿಲ್ಲದ ಹಳ್ಳಿಮನೆಗಳಲ್ಲಿ ಕೀಟನಾಶಕ ಇದೆ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, 'ನಾನಿಲ್ಲದಿದ್ದರೇ ಒಳ್ಳೇದು' ಎಂಬಂಥ ಮಾತು ಬಂದರೆ, ಮೊದಲು ಆ ಕೋವಿಯನ್ನೋ ಕೀಟನಾಶಕವನ್ನೋ ಮನೆಯಿಂದ ಹೊರಗೆ ಸಾಗಿಸಿ, ಆಗದಿದ್ದರೆ ಬೀಗ ಹಾಕಿ ಕೀಲಿಯನ್ನು ಸೊಂಟದಲ್ಲಿಟ್ಟುಕೊಳ್ಳಿ. ಕೌನ್ಸೆಲಿಂಗ್, ಮಾತ್ರೆ, ದೇವಸ್ಥಾನ ಆಮೇಲೆ. ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಿ 988.

ಯಜಮಾನರು ಆ ವರ್ಷ ಸಮ್ಮೇಳನಕ್ಕೆ ಹೋಗಿ ಬಂದರು. ಬಂದವರು ಭಾಷಣಗಳ ವಿಷಯ ಹೇಳಹೊರಟರೆ ಹೆಂಡತಿ "ನನಗೆ ಬೇಡ" ಅಂದರಂತೆ, ಅವರೂ ಅಲ್ಲಿಗೇ ನಿಲ್ಲಿಸಿದರಂತೆ. ಕೋವಿಗಳು ಇನ್ನೂ ರೇಂಜಿನಲ್ಲೇ ಇವೆ. ಅದರ ತಿಂಗಳ ಬಾಡಿಗೆ ಮನೆಖರ್ಚಿನಲ್ಲಿ ಹೋಗಬೇಕೋ ಗಂಡನ ಶೋಕಿಯ ಲೆಕ್ಕದಲ್ಲೋ ಎಂದು ಕಳೆದ ಸಲ ಬಂದಾಗ ಇಬ್ಬರೂ ನನ್ನ ಮುಂದೆ ವಾದ ಮಾಡುತ್ತಿದ್ದರು.